ಶಿವಗಂಗೆಯ ಬೆಣ್ಣೆಯೂ ಒಳಕಲ್ಲಿನ ನೀರೂ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ದಾಬಸ್‌ಪೇಟೆಯನ್ನು ಸಮೀಪಿಸುತ್ತಿರುವಾಗ, ಎಡಗಡೆಯಲ್ಲಿ ಒಂದು ದೊಡ್ಡ ಕಲ್ಲುಬೆಟ್ಟವು ತಲೆಯೆತ್ತಿ ನಿಂತಿರುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದೇ ಶಿವಗಂಗೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು ೪,೫೦೦ ಅಡಿ. ಬೆಂಗಳೂರಿನಿಂದ ದೂರ ೫೦ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಷ್ಟನ್ನು ಅಳತೆಗೋಲಿನಿಂದ ತಿಳಿಯಬಹುದು. ಆದರೆ ಆ ಬೆಟ್ಟದ ವಿಚಾರವಾಗಿ ಜನರು ಹೇಳುವ ಸಂಗತಿಗಳಲ್ಲಿ ಹೆಚ್ಚಿನವು ಅಳತೆಗೋಲಿಗೆ ಸಿಕ್ಕತಕ್ಕವಲ್ಲ. ಅಲ್ಲಿ ತುಪ್ಪವು ಬೆಣ್ಣೆಯಾಗುತ್ತದೆ. ಬೆಟ್ಟದ ಹೊಟ್ಟೆಯೊಳಗಿಂದ ಬೆಂಗಳೂರಿಗೆ ಸುರಂಗವೊಂದು ಹೊರಡುತ್ತದೆ. ಮೆಟ್ಟಿಲುಗಳನ್ನು ಎಣಿಸಿದರೆ ಕಾಶಿಯ ದೂರ ತಿಳಿಯುತ್ತದೆ. ಬಂಡೆಯ ಕುಳಿಯೊಂದರಲ್ಲಿ ಕೈಯಿಟ್ಟರೆ ಮನುಷ್ಯನ ಪಾಪಪುಣ್ಯಗಳ ಲೆಕ್ಕವು ಹೊರಬೀಳುತ್ತದೆ. ರಸಾಯನ, ಭೂಗರ್ಭ, ಭೂಗೋಳ, ಧರ್ಮ ಎಂಬ ನಾಲ್ಕು ಶಾಸ್ತ್ರಗಳನ್ನು ಒಂದೇ ದಿನದಲ್ಲಿ ವ್ಯಾಸಂಗ ಮಾಡುವ ಅನುಕೂಲ ಬೇರೆ ಯಾವ ವಿದ್ಯಾಪೀಠದಲ್ಲಿಯೂ ಇರಲಾರದು.

ಈ ವಿದ್ಯಾಪೀಠಕ್ಕೆ ನಾನು ಹೋದುದು ಸ್ವಂತ ಇಚ್ಛೆಯಿಂದಲ್ಲ. ನನ್ನ ಸೋದರತ್ತೆ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಮನೆಗೆ ಬಂದು, "ನನ್ನನ್ನು ಒಂದು ಸಲ ಶಿವಗಂಗೆಗೆ ಕರೆದುಕೊಂಡು ಹೋಗಪ್ಪ. ಅಲ್ಲಿ ನನ್ನದೊಂದು ಬಾಕಿ ಉಳಿದಿದೆ" ಎಂದರು. ಅತ್ತೆಗೆ ಆಗ ಅರುವತ್ತಾರು ವರುಷ. ಮೈ ಕಡ್ಡಿಯ ಹಾಗೆ ತೆಳ್ಳಗೆ, ಮಂಡಿಯಲ್ಲಿ ನೋವು. "ಮೆಟ್ಟಿಲು ಬಹಳ, ಅತ್ತೆ" ಎಂದೆ. "ಎಣಿಸದಿದ್ದರೆ ಆಯಿತು" ಎಂದರು. ಬಾಕಿ ಏನೆಂದು ಕೇಳಿದುದಕ್ಕೆ ಉತ್ತರ ಬರಲಿಲ್ಲ. ಹರಕೆಯಿರಬಹುದು ಎಂದುಕೊಂಡು ನಾನು ಸುಮ್ಮನಾದೆ. ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕರೆಯದೆಯೇ ಹೊರಟು ನಿಂತಳು. ಹೀಗೆ ಮೂರು ತಲೆಮಾರಿನ ಮೂವರು, ಬುತ್ತಿಯ ಗಂಟು, ಒಂದು ಗಿಂಡಿ ತುಪ್ಪ, ಇವಿಷ್ಟನ್ನು ಕಾರಿನಲ್ಲಿ ತುಂಬಿಕೊಂಡು ಬೆಳಗಿನ ಐದೂವರೆಗೆ ಹೊರಟೆವು.

ಬೆಟ್ಟವು ಕಣ್ಣಿಗೆ ಬಿದ್ದ ಕೂಡಲೆ ಅತ್ತೆ ಕೈಮುಗಿದು ಅದರ ಮಹಿಮೆಯನ್ನು ಹೇಳತೊಡಗಿದರು. ಒಂದು ದಿಕ್ಕಿನಿಂದ ನೋಡಿದರೆ ಅದು ಬಸವನ ಹಾಗೆ ಕಾಣುವುದಂತೆ, ಇನ್ನೊಂದರಿಂದ ಗಣಪತಿಯ ಹಾಗೆ, ಮತ್ತೊಂದರಿಂದ ಹೆಡೆಯೆತ್ತಿದ ಸರ್ಪದ ಹಾಗೆ, ನಾಲ್ಕನೆಯದರಿಂದ ಲಿಂಗದ ಹಾಗೆ. ನಾವು ಇದ್ದ ದಿಕ್ಕಿನಿಂದ ಯಾವುದು ಕಾಣಬೇಕೆಂಬುದು ತಿಳಿಯದೆ ಮೂವರೂ ಕಣ್ಣು ಕಿರಿದು ಮಾಡಿ ನೋಡಿದೆವು. "ನನಗೆ ಕಂಬಳಿ ಹೊದ್ದು ಮಲಗಿದ ಹೆಡ್‌ಮಾಸ್ತರರ ಹಾಗೆ ಕಾಣುತ್ತದೆ" ಎಂದಳು ಮಗಳು. ಗದರಿಸಲು ಬಾಯಿ ತೆರೆದೆ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ನನಗೂ ಬೆಟ್ಟದಲ್ಲಿ ಹೆಡ್‌ಮಾಸ್ತರರಲ್ಲದೆ ಬೇರೆ ಯಾವುದೂ ಕಾಣಲಿಲ್ಲ. ಮೋಡದಲ್ಲಿ ಆನೆಯನ್ನೂ, ಗೋಡೆಯ ಕಲೆಯಲ್ಲಿ ಮುಖವನ್ನೂ ಕಾಣುವುದು ಮನುಷ್ಯನ ಕಣ್ಣಿನ ಹುಟ್ಟುಗುಣ. ಯಾರಾದರೊಬ್ಬರು ಹೆಸರು ಹೇಳಿಬಿಟ್ಟರೆ ಕಣ್ಣು ಉಳಿದ ರೇಖೆಗಳನ್ನು ತಾನೇ ತುಂಬಿಕೊಳ್ಳುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ. ಬೆಟ್ಟಕ್ಕಂತೂ ಇಲ್ಲವೇ ಇಲ್ಲ.

ಬುಡದಲ್ಲಿ ಕಾರು ನಿಲ್ಲಿಸಿ ಮೆಟ್ಟಿಲು ಹತ್ತತೊಡಗಿದೆವು. ಶಿವಗಂಗೆಗೆ ದಕ್ಷಿಣಕಾಶಿ ಎಂಬ ಹೆಸರಿದೆ. ಇಲ್ಲಿಂದ ಕಾಶಿಗೆ ಎಷ್ಟು ಯೋಜನವೋ ಶಿಖರಕ್ಕೆ ಅಷ್ಟೇ ಮೆಟ್ಟಿಲುಗಳು. ಆದಕಾರಣ ಇದನ್ನು ಹತ್ತಿದವರಿಗೆ ಕಾಶಿಯಾತ್ರೆಯ ಫಲ ಎಂಬುದು ಹಿಂದಿನಿಂದ ಬಂದ ಮಾತು. ನನಗೆ ಲೆಕ್ಕದ ಚಪಲ. ಕಾಶಿಯು ಇಲ್ಲಿಂದ ನೇರವಾಗಿ ಸುಮಾರು ೧,೫೦೦ ಕಿಲೋಮೀಟರು. ಯೋಜನವನ್ನು ಎಂಟು ಒಂಬತ್ತು ಮೈಲಿ, ಎಂದರೆ ಸುಮಾರು ೧೩ ಕಿಲೋಮೀಟರು ಎಂದಿಟ್ಟುಕೊಂಡರೆ ೧೧೫ ಮೆಟ್ಟಿಲಿಗೆ ವಿಶ್ವನಾಥನ ದರ್ಶನವಾಗಬೇಕು. ನೂರ ಹದಿನೈದನೆಯ ಮೆಟ್ಟಿಲಿನ ಮೇಲೆ ನಿಂತು ನೋಡಿದೆ. ಎದುರಿಗೆ ಕಂಡದ್ದು ಮಜ್ಜಿಗೆಯ ಅಂಗಡಿ. ಇನ್ನೂ ಹತ್ತಿದೆವು. ಆರುನೂರಕ್ಕೆ ಬರುವ ವೇಳೆಗೆ ಲೆಕ್ಕದ ಪ್ರಕಾರ ನಾವು ೭,೮೦೦ ಕಿಲೋಮೀಟರು ನಡೆದು, ಕಾಶಿಯನ್ನೂ ಹಿಮಾಲಯವನ್ನೂ ಚೀನಾದೇಶವನ್ನೂ ದಾಟಿ ಉತ್ತರಧ್ರುವಕ್ಕೆ ಸ್ವಲ್ಪವೇ ಈಚೆಗೆ ಇದ್ದೆವು. ಶಿಖರವು ಇನ್ನೂ ಮೇಲೆಯೇ ಇತ್ತು. ಈ ಗಣಿತವನ್ನು ಅತ್ತೆಗೆ ನಿವೇದಿಸಿದೆ. "ಹಾಗಾದರೆ ಕಾಶಿಗಿಂತ ಹೆಚ್ಚಿನ ಫಲ ಬಂತಲ್ಲ, ಒಳ್ಳೆಯದೇ ಆಯಿತು" ಎಂದರು. ಭಕ್ತರ ಲೆಕ್ಕದಲ್ಲಿ ತಪ್ಪು ಬಂದರೂ ಅದು ಲಾಭದ ಕಡೆಗೇ ಬರುತ್ತದೆ.

ದಾರಿಯ ಉದ್ದಕ್ಕೂ ಕೋತಿಗಳು. ಆ ಬೆಟ್ಟದಲ್ಲಿ ನಿಜವಾದ ವಿಜ್ಞಾನಿಗಳು ಅವೇ ಎಂದು ನನಗೆ ತೋರಿತು. ನನ್ನ ಕೈಚೀಲದಲ್ಲಿ ತಿನ್ನುವ ಪದಾರ್ಥವೇನೂ ಇಲ್ಲವೆಂದು ಎಷ್ಟು ಗಂಭೀರವಾದ ಮುಖಭಾವದಿಂದ ತಿಳಿಸಿದರೂ ಅವು ನಂಬಲಿಲ್ಲ. ಒಂದು ಗಡವ ಕೋತಿ ಬಂದು ಚೀಲವನ್ನು ಎಳೆದು, ಬಾಯನ್ನು ಬಿಚ್ಚಿ, ಒಳಗಿದ್ದ ಬಾಳೆಯ ಹಣ್ಣುಗಳನ್ನು ಪ್ರತ್ಯಕ್ಷ ಪ್ರಮಾಣದಿಂದ ಸ್ಥಾಪಿಸಿತು. ನಮ್ಮ ದೊಡ್ಡವರಿಗೆ ಈ ಗುಣದಲ್ಲಿ ಅರ್ಧದಷ್ಟಾದರೂ ಇದ್ದರೆ ಎಷ್ಟು ಚೆನ್ನಾಗಿತ್ತು!

ಗಂಗಾಧರೇಶ್ವರನ ಗುಡಿ ಬಂಡೆಯ ಗವಿಯಲ್ಲಿದೆ. ಒಳಗೆ ತಂಪು, ಮಂದವಾದ ಬೆಳಕು, ಎಣ್ಣೆಯ ಮತ್ತು ಬಿಲ್ವಪತ್ರೆಯ ವಾಸನೆ. ನಮ್ಮ ಗಿಂಡಿಯ ತುಪ್ಪವನ್ನು ಅರ್ಚಕರು ತೆಗೆದುಕೊಂಡು, ಅಭಿಷೇಕದಿಂದ ಒದ್ದೆಯಾಗಿ ತಣ್ಣಗಿದ್ದ ಲಿಂಗದ ಮೇಲಿಟ್ಟು ಅಂಗೈಯಿಂದ ಉಜ್ಜತೊಡಗಿದರು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಹಳದಿಯಾಗಿ ಜಾರುತ್ತಿದ್ದ ತುಪ್ಪವು ಕೈಯಾಡಿದ ಹಾಗೆ ಬಿಳಿದಾಯಿತು, ಗಟ್ಟಿಯಾಯಿತು. ಕೊನೆಗೆ ಬಾಳೆಯೆಲೆಯ ಚೂರಿನಲ್ಲಿ ನಮ್ಮ ಕೈಗೆ ಬಂದುದು ನೋಡುವುದಕ್ಕೆ ಬೆಣ್ಣೆಯೇ ಸರಿ. ಇದರಲ್ಲಿ ಮೋಸವಿರಲಿಲ್ಲ, ಕೈಚಳಕವಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲವೆನ್ನುವವನು ವಿಚಾರವಾದಿಯಲ್ಲ, ಹಟಮಾರಿ.

ನಮ್ಮ ಪಕ್ಕದಲ್ಲಿ ನಿಂತಿದ್ದ ಒಬ್ಬ ಮಹನೀಯರು ನನ್ನ ಮುಖದಲ್ಲಿ ಪ್ರಶ್ನೆಯನ್ನು ಕಂಡುಕೊಂಡರು. ಅವರು ನಿವೃತ್ತರಾದ ಅಧಿಕಾರಿಗಳು, ಇಂಗ್ಲಿಷ್ ಬಲ್ಲವರು, ಎದೆಯ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. "ಇದನ್ನು ಮೂಢನಂಬಿಕೆ ಎಂದುಕೊಳ್ಳಬೇಡಿ. ಇದು ಶುದ್ಧ ವಿಜ್ಞಾನ. ಈ ಬಂಡೆಯಲ್ಲಿ ಒಂದು ಬಗೆಯ ಕಾಂತಶಕ್ತಿಯ ತರಂಗಗಳಿವೆ. ಅವು ತುಪ್ಪದ ಅಣುಗಳನ್ನು ಹಿಂದಕ್ಕೆ ತಿರುಗಿಸಿ ಬೆಣ್ಣೆಯ ಸ್ಥಿತಿಗೆ ಒಯ್ಯುತ್ತವೆ. ಪಾಶ್ಚಾತ್ಯ ವಿಜ್ಞಾನಿಗಳೇ ಒಪ್ಪಿದ್ದಾರೆ" ಎಂದರು. ಯಾವ ವಿಜ್ಞಾನಿಗಳು, ಎಲ್ಲಿ ಒಪ್ಪಿದರು ಎಂದು ವಿನಯದಿಂದ ಕೇಳಿದೆ. "ಮೊಬೈಲಿಗೆ ಬಂದಿತ್ತು" ಎಂದರು. ಮಗಳು ನಡುವೆ ಬಾಯಿ ಹಾಕಿ, "ಕಾಂತಕ್ಕೆ ಕಬ್ಬಿಣ ಅಂಟುತ್ತದೆ, ತುಪ್ಪ ಕೂಡ ಅಂಟುತ್ತದೆಯೆ?" ಎಂದಳು. ಮಹನೀಯರು ಆಕೆಯ ತಲೆಯನ್ನು ನೇವರಿಸಿ, ದೊಡ್ಡವಳಾದ ಮೇಲೆ ತಿಳಿಯುತ್ತದೆ ಎಂದು ಹೇಳಿ ಮುಂದೆ ಹೋದರು. ಅವರಿಗಿಂತ ನನಗೆ ಅರ್ಚಕರೇ ಮೇಲೆಂದು ಕಂಡಿತು. "ಇದು ಹೇಗಾಗುತ್ತದೆ ಸ್ವಾಮಿ?" ಎಂದು ಕೇಳಿದುದಕ್ಕೆ ಅವರು, "ಉಜ್ಜಿದರೆ ಆಗುತ್ತದೆ. ಹೇಗೆ ಎಂಬುದು ನನಗೆ ತಿಳಿಯದು" ಎಂದಷ್ಟೇ ಹೇಳಿದರು. ತಿಳಿಯದುದನ್ನು ತಿಳಿಯದೆಂದು ಹೇಳುವುದೇ ವಿಜ್ಞಾನದ ಮೊದಲನೆಯ ಮೆಟ್ಟಿಲು. ಎರಡು ಪೆನ್ನಿನ ಮಹನೀಯರು ಅದನ್ನು ಹಾರಿ ನೇರವಾಗಿ ನೂರನೆಯದಕ್ಕೆ ಕಾಲಿಟ್ಟಿದ್ದರು.

ಗುಡಿಯ ಒಳಗಿನಿಂದಲೇ ಸುರಂಗವೊಂದು ಹೊರಟು ಬೆಂಗಳೂರಿನ ಗವಿಪುರದಲ್ಲಿರುವ ಗವಿ ಗಂಗಾಧರೇಶ್ವರನ ಗುಡಿಯನ್ನು ಸೇರುವುದೆಂದು ಪ್ರತೀತಿ. ಎರಡೂ ಗುಹಾಲಯಗಳು, ಎರಡರಲ್ಲಿಯೂ ಇರುವವನು ಗಂಗಾಧರನೇ, ಆದುದರಿಂದ ನಡುವೆ ದಾರಿಯಿರಲೇಬೇಕೆಂದು ಯಾರೋ ಪುಣ್ಯಾತ್ಮರು ತರ್ಕಿಸಿರಬೇಕು. ಬೆಂಗಳೂರಿನ ಮೆಟ್ರೋ ರೈಲಿನ ಮೊದಲ ಹಂತದಲ್ಲಿ ಊರಿನ ಕೆಳಗೆ ಒಂಬತ್ತು ಕಿಲೋಮೀಟರಿಗೂ ಕಡಮೆ ಉದ್ದದ ಸುರಂಗವನ್ನು ಮಾಡುವುದಕ್ಕೆ, ಮನೆಯಷ್ಟು ದೊಡ್ಡ ಯಂತ್ರಗಳಿದ್ದೂ ವರುಷಗಳೇ ಹಿಡಿದವು. ಕಲ್ಲು ಅಷ್ಟು ಗಟ್ಟಿ. ನಲವತ್ತು ಐವತ್ತು ಕಿಲೋಮೀಟರಿನ ಸುರಂಗವನ್ನು ಉಳಿಯಿಂದ ಕೊರೆದವರು, ಕೊರೆದ ಕಲ್ಲನ್ನು ಎಲ್ಲಿ ಸುರಿದರು? ಒಳಗೆ ನಡೆಯುವವರು ಯಾವ ಗಾಳಿಯನ್ನು ಉಸಿರಾಡಿದರು?

ಆದರೆ ಸುರಂಗವು ಸುಳ್ಳೆಂದ ಮಾತ್ರಕ್ಕೆ ಗವಿಪುರದ ಗುಡಿಯ ವಿಷಯವೆಲ್ಲ ಸುಳ್ಳೆಂದು ತಿಳಿಯಲಾಗದು. ಮಕರ ಸಂಕ್ರಾಂತಿಯ ಸಂಜೆ ಆ ಗುಡಿಯಲ್ಲಿ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುವುದು ನಿಜ. ಸಾವಿರಾರು ಜನ ಕಂಡಿದ್ದಾರೆ. ಖಗೋಳಶಾಸ್ತ್ರವನ್ನು ಬಲ್ಲವರು ಇದನ್ನು ಪರೀಕ್ಷಿಸಿ ೨೦೦೮ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಅವರು ಕಂಡುಕೊಂಡುದೇನೆಂದರೆ, ಈ ಬೆಳಕು ವರುಷಕ್ಕೆ ಎರಡಾವರ್ತಿ ಒಳಗೆ ಬರುತ್ತದೆ: ಜನವರಿಯ ಮಧ್ಯದಲ್ಲಿ ಒಮ್ಮೆ, ನವೆಂಬರಿನ ಕೊನೆಯಲ್ಲಿ ಒಮ್ಮೆ. ಕಾರಣ ಸರಳವಾದುದು. ಸೂರ್ಯನು ದಕ್ಷಿಣಕ್ಕೆ ಸರಿಯುತ್ತ ಡಿಸೆಂಬರ್ ೨೧ರ ಸುಮಾರಿಗೆ ಕೊನೆಯನ್ನು ಮುಟ್ಟಿ ಉತ್ತರಕ್ಕೆ ಮರಳುತ್ತಾನೆ. ಹೋಗುವಾಗ ಯಾವ ಮನೆಯ ಮುಂದೆ ಹೋದನೋ ಬರುವಾಗಲೂ ಅದೇ ಮನೆಯ ಮುಂದೆ ಬರಬೇಕು. ಎರಡು ದಿನಗಳೂ ಆ ಕೊನೆಗೆ ಮೂರು ಮೂರೂವರೆ ವಾರ ದೂರ. ಜನರಿಗೆ ಒಂದು ಸಲದ ಸೋಜಿಗವೇ ಗೊತ್ತಿತ್ತು. ಪ್ರಶ್ನೆ ಕೇಳಿದವರಿಗೆ ಎರಡನೆಯದೂ ದೊರೆಯಿತು. ಸಂದೇಹ ಪಡುವುದರಿಂದ ಲೋಕದ ಸೊಬಗು ಬತ್ತಿಹೋಗುತ್ತದೆಂದು ಅಂಜುವವರು ಇದನ್ನು ನೆನೆಯಬೇಕು.

ಬೆಂಗಳೂರಿನ ಡಾಕ್ಟರ್ ಎಚ್. ನರಸಿಂಹಯ್ಯನವರು ಬಾಳಿನುದ್ದಕ್ಕೂ ಇದನ್ನೇ ಹೇಳಿದರು. ಭೌತವಿಜ್ಞಾನದ ಅಧ್ಯಾಪಕರಾಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವುದಕ್ಕಾಗಿ ಒಂದು ಸಮಿತಿಯನ್ನೇ ಏರ್ಪಡಿಸಿದರು. ಖಾದಿಯ ಪಂಚೆ, ಜುಬ್ಬ, ಗಾಂಧೀ ಟೋಪಿ. ಒಳಗೆ ಮಾತ್ರ ಯಾವ ಮಾತನ್ನೂ ಪ್ರಶ್ನಿಸದೆ ಒಳಬಿಡದ ಬುದ್ಧಿ. ಅವರು ೨೦೦೫ರಲ್ಲಿ ತೀರಿಕೊಂಡರು. ನಾನು ಅವರ ಉಪನ್ಯಾಸಗಳನ್ನು ಕೇಳಿ ಬೆಳೆದವನು. ಆ ಅಭಿಮಾನದಿಂದಲೋ ಏನೋ, ಗುಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅತ್ತೆಗೂ ಮಗಳಿಗೂ ಒಂದು ಸಣ್ಣ ಉಪನ್ಯಾಸವನ್ನು ಕೊಟ್ಟೆ. ಮಗಳು ಪ್ರಸಾದದ ಬೆಣ್ಣೆಯನ್ನು ನೆಕ್ಕುತ್ತ ಕೇಳಿದಳು. ಅತ್ತೆ ಕೇಳಲಿಲ್ಲ, ಮೇಲುಗಡೆಯ ಮೆಟ್ಟಿಲುಗಳನ್ನು ನೋಡುತ್ತಿದ್ದರು.

ಅಲ್ಲಿ ಹತ್ತಿರದಲ್ಲಿಯೇ ಒಬ್ಬ ಮಾರ್ಗದರ್ಶಿ ಯಾತ್ರಿಕರ ಗುಂಪಿಗೆ ಶಿಖರದ ಕಡೆಗೆ ಬೆರಳು ತೋರಿಸಿ ಶಾಂತಲೆಯ ಕಥೆಯನ್ನು ಹೇಳುತ್ತಿದ್ದನು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಮಗನನ್ನು ಹೆರಲಿಲ್ಲವೆಂಬ ದುಃಖದಿಂದ ಆ ಬಂಡೆಯ ಮೇಲಿನಿಂದ ಧುಮುಕಿದಳೆಂದು ಅವನ ಕಥೆ. ಆಕೆ ಯಾವ ಕಾಲಿನ ಗೆಜ್ಜೆಯನ್ನು ಮೊದಲು ಬಿಚ್ಚಿಟ್ಟಳೆಂಬುದು ಸಹ ಅವನಿಗೆ ಗೊತ್ತಿತ್ತು. ಶಾಂತಲೆ ಶಿವಗಂಗೆಯಲ್ಲಿ ೧೧೩೧ರಲ್ಲಿ ತೀರಿಕೊಂಡುದು ನಿಜ. ಶ್ರವಣಬೆಳಗೊಳದ ಶಾಸನವು ಹಾಗೆ ಹೇಳುತ್ತದೆ. ಧುಮುಕಿದಳೆಂದಾಗಲಿ, ಮಗನಿಲ್ಲದ ಕಾರಣಕ್ಕಾಗಿ ಎಂದಾಗಲಿ ಅದು ಹೇಳುವುದಿಲ್ಲ. ಹೆಂಗಸೊಬ್ಬಳು ಸತ್ತಳೆಂದರೆ ನಮ್ಮ ಜನಕ್ಕೆ ತೃಪ್ತಿಯಾಗದು. ಮಕ್ಕಳ ವಿಷಯವನ್ನು ಅದಕ್ಕೆ ಅಂಟಿಸಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ. ಇದನ್ನು ನಾನು ನಗುತ್ತ ಹೇಳಿದೆ. ಅತ್ತೆ ನಗಲಿಲ್ಲ. "ನಡಿ, ಒಳಕಲ್ಲಿಗೆ ಹೋಗೋಣ" ಎಂದು ಎದ್ದರು.

ಒಳಕಲ್ಲ ತೀರ್ಥವು ಇನ್ನೂ ಮೇಲೆ, ಬಂಡೆಗಳ ಸಂದಿನ ಗವಿಯಲ್ಲಿದೆ. ಒಳಕಲ್ಲಿನ ಗುಂಡಿಯ ಹಾಗೆ ಬಂಡೆಯಲ್ಲಿ ಒಂದು ಇಕ್ಕಟ್ಟಾದ ಕುಳಿ. ತಳದಲ್ಲಿ ಕಣ್ಣಿಗೆ ಕಾಣದಂತೆ ನೀರು. ಯಾತ್ರಿಕರು ನೆಲದ ಮೇಲೆ ಬಾಗಿ, ತೋಳನ್ನು ಕುಳಿಯೊಳಗೆ ಇಳಿಬಿಟ್ಟು ನೀರನ್ನು ಮುಟ್ಟಬೇಕು. ಪುಣ್ಯವಂತರ ಕೈಗೆ ಮಾತ್ರ ಗಂಗೆ ಸಿಕ್ಕುವಳು, ಪಾಪಿಗಳಿಗೆ ಸಿಕ್ಕಳು ಎಂದು ನಂಬಿಕೆ. ನಾವು ಹೋದಾಗ ಹತ್ತಿಪ್ಪತ್ತು ಜನರ ಸಾಲಿತ್ತು. ಮುಟ್ಟಿದವರು ಒದ್ದೆ ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿ ನಗುತ್ತ ಹೋಗುತ್ತಿದ್ದರು. ಮುಟ್ಟದವರು ಯಾರ ಮುಖವನ್ನೂ ನೋಡದೆ ಬೇಗ ಬೇಗನೆ ಹೋಗುತ್ತಿದ್ದರು. ಒಬ್ಬ ಎಳೆಯ ಸೊಸೆಗೆ ನೀರು ಸಿಕ್ಕಲಿಲ್ಲ. ಜೊತೆಯಲ್ಲಿದ್ದ ಅತ್ತೆ ಬಾಯಿಬಿಟ್ಟು ಏನೂ ಆಡಲಿಲ್ಲ, ಆದರೆ ಆ ನೋಟಕ್ಕೆ ಮಾತಿನ ಅವಶ್ಯಕತೆಯಿರಲಿಲ್ಲ.

ಸಾಲಿನಲ್ಲಿ ನಿಂತು ನಾನು ನನ್ನ ಸಿದ್ಧಾಂತವನ್ನು ಮಗಳಿಗೆ ವಿವರಿಸಿದೆ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆಯ ನೀರು ಕುಳಿಯಲ್ಲಿ ನಿಲ್ಲುತ್ತದೆ. ಬಾವಿಯ ಹಾಗೆ ಅದು ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುವುದು ಸಹಜ. ಆದಕಾರಣ ತೋಳು ಉದ್ದವಿದ್ದವರಿಗೆ ನೀರು ಸಿಕ್ಕುತ್ತದೆ, ಗಿಡ್ಡವಿದ್ದವರಿಗೆ ಸಿಕ್ಕುವುದಿಲ್ಲ. ಇದರಲ್ಲಿ ಪಾಪಪುಣ್ಯಗಳ ಮಾತೇ ಇಲ್ಲ. "ನೋಡುತ್ತಿರು. ನನ್ನ ತೋಳು ಎಲ್ಲರಿಗಿಂತಲೂ ಉದ್ದ, ನನಗೆ ಸಿಕ್ಕಿಯೇ ಸಿಕ್ಕುತ್ತದೆ" ಎಂದು ಸುತ್ತಲಿನವರಿಗೂ ಕೇಳುವ ಹಾಗೆ ಹೇಳಿ, ಅಂಗಿಯ ತೋಳನ್ನು ಮಡಿಸಿ, ಕುಳಿಯ ಬಳಿ ಬೋರಲು ಬಿದ್ದೆ.

ಸಿಕ್ಕಲಿಲ್ಲ. ಬೆರಳುಗಳನ್ನು ಚಾಚಿದೆ, ಹಲ್ಲು ಕಚ್ಚಿದೆ, ಉಸಿರು ಹಿಡಿದೆ. ಬೆರಳಿಗೆ ತಂಪಾದ ಗಾಳಿಯಲ್ಲದೆ ಮತ್ತೇನೂ ಸೋಕಲಿಲ್ಲ. ಸಾಲಿನಲ್ಲಿದ್ದವರು ಅನುಕಂಪದಿಂದ 'ಅಯ್ಯೋ' ಎಂದರು. ಎದ್ದು ನಿಂತೆ. ಆಮೇಲೆ ಮಗಳು ಓತಿಕೇತದಂತೆ ಬಂಡೆಗೆ ಅಂಟಿಕೊಂಡು ಮಲಗಿ, ಭುಜವನ್ನು ಕುಳಿಯ ಬಾಯೊಳಗೆ ಪೂರ್ತಿ ಇಳಿಸಿ, "ಸಿಕ್ಕಿತು!" ಎಂದು ಕೂಗಿ ನನ್ನ ಮುಖಕ್ಕೆ ನೀರು ಚಿಮುಕಿಸಿದಳು. ಆಕೆಯ ತೋಳು ನನ್ನದರ ಮುಕ್ಕಾಲಿನಷ್ಟಾದರೂ ಇರಲಾರದು. ನನ್ನ ಸಿದ್ಧಾಂತವು ಅಷ್ಟು ಜನರ ಎದುರಿಗೆ ಪ್ರಾಣ ಬಿಟ್ಟಿತು.

"ಅಪ್ಪನ ತೋಳು ಉದ್ದ ಸರಿ. ಆದರೆ ಹೊಟ್ಟೆ ಅಡ್ಡ ಬಂತು" ಎಂದಳು ಮಗಳು. "ಹೊಟ್ಟೆ ನೆಲದ ಮೇಲೆ ಕುಳಿತುಬಿಟ್ಟಿತು, ಭುಜ ಕೆಳಗೆ ಇಳಿಯಲೇ ಇಲ್ಲ. ನಾನು ನೋಡುತ್ತಿದ್ದೆ." ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಗಬೇಕಾಯಿತು, ಏಕೆಂದರೆ ಮಾತು ನಿಜವಾಗಿತ್ತು. ತೋಳಿನ ಉದ್ದ ಒಂದೇ ಸಾಲದು. ಭುಜವು ಕುಳಿಯೊಳಕ್ಕೆ ಇಳಿಯಬೇಕು. ಅದಕ್ಕೆ ಮೈ ಬಂಡೆಗೆ ಅಂಟಿರಬೇಕು. ಇಪ್ಪತ್ತು ವರುಷಗಳಿಂದ ಬೆಳೆಸಿದ ನನ್ನ ಹೊಟ್ಟೆ ಅದಕ್ಕೆ ಒಪ್ಪಲಿಲ್ಲ.

ಅತ್ತೆಯೂ ನಕ್ಕರು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗುತ್ತ ನಗುತ್ತ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು. ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ. ನಾನು ಗಾಬರಿಯಾಗಿ ಕೈಹಿಡಿದು ಪಕ್ಕದ ಕಲ್ಲಿನ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಮೆಲ್ಲಗೆ, "ಆವಾಗ ನನಗೂ ಹೊಟ್ಟೆ ಅಡ್ಡ ಬಂದಿತ್ತಲ್ಲವೇನೋ?" ಎಂದರು.

ಬಾಕಿಯ ವಿಷಯ ನನಗೆ ತಿಳಿದುದು ಆಗ. ನಲವತ್ತು ವರುಷಗಳ ಹಿಂದೆ, ಮದುವೆಯಾದ ಮೂರನೆಯ ವರುಷದಲ್ಲಿ, ಗಂಡನ ಮನೆಯವರು ಅತ್ತೆಯನ್ನು ಇದೇ ಬೆಟ್ಟಕ್ಕೆ ಕರೆತಂದಿದ್ದರು. ಆಗ ಅವರು ಆರು ತಿಂಗಳ ಬಸುರಿ. ಕುಳಿಯ ಬಳಿ ಒಂದು ಮಗ್ಗುಲಾಗಿ ಬಾಗಿ, ಹೊಟ್ಟೆಯನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಇಳಿಬಿಟ್ಟಿದ್ದರು. ನೀರು ಸಿಕ್ಕಲಿಲ್ಲ. ನಾದಿನಿಯರಿಗೆಲ್ಲ ಸಿಕ್ಕಿತು. ಮೂರು ತಿಂಗಳಿಗೆ ಹುಟ್ಟಿದ ಮಗು ಎರಡು ದಿನ ಬದುಕಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಯಾರೋ ಒಬ್ಬರು, ಒಂದೇ ಒಂದು ಸಲ, "ಅಂದು ಗಂಗೆ ಸಿಕ್ಕಲಿಲ್ಲವಲ್ಲ, ಆಗಲೇ ತಿಳಿಯಿತು" ಎಂದಿದ್ದರಂತೆ. ಒಂದೇ ಸಲ ಸಾಕಾಯಿತು. ತಾನು ಯಾವ ಜನ್ಮದಲ್ಲಿ ಯಾವ ಪಾಪ ಮಾಡಿದ್ದೇನೆಂದು ಅತ್ತೆ ನಲವತ್ತು ವರುಷ ಹುಡುಕಿದರು. ಊರಿನ ಮಕ್ಕಳಿಗೆಲ್ಲ ಎಣ್ಣೆನೀರು ಹಾಕಿದ, ನಮ್ಮನ್ನೆಲ್ಲ ಎತ್ತಿ ಬೆಳೆಸಿದ ಹೆಂಗಸು, ರಾತ್ರಿ ಮಲಗುವಾಗ ತನ್ನ ಲೆಕ್ಕದಲ್ಲಿ ಪಾಪವನ್ನು ಹುಡುಕುತ್ತಿದ್ದರು. ಸಾಯುವುದಕ್ಕೆ ಮುಂಚೆ ಇನ್ನೊಂದು ಸಲ ಕೈಯಿಟ್ಟು ನೋಡಬೇಕೆಂಬುದೇ ಅವರ ಬಾಕಿ.

ನನಗೆ ಮಾತು ಹೊರಡಲಿಲ್ಲ. ಗುಡಿಯ ಕಟ್ಟೆಯ ಮೇಲೆ ನಾನು ಕೊಟ್ಟ ಉಪನ್ಯಾಸ ನೆನಪಿಗೆ ಬಂದು ನಾಚಿಕೆಯಾಯಿತು. ತುಪ್ಪ, ಸುರಂಗ, ಯೋಜನ ಎಂದು ಸಂದೇಹ ಪಡಬೇಕಾದ ಸಂಗತಿಗಳನ್ನೆಲ್ಲ ಪಟ್ಟಿ ಮಾಡಿದ್ದೆ. ನನ್ನ ಪಕ್ಕದಲ್ಲಿ ಕುಳಿತವರು ಹೊತ್ತಿದ್ದ ಒಂದನ್ನು ಮಾತ್ರ ನಾನು ಕೇಳಿರಲಿಲ್ಲ. ಅದಕ್ಕೆ ಉತ್ತರವೂ ನನ್ನ ಬುದ್ಧಿಯಿಂದ ಬರಲಿಲ್ಲ, ಹೊಟ್ಟೆಯಿಂದ ಬಂತು.

ಅತ್ತೆ ಮುಖವನ್ನು ಒರೆಸಿಕೊಂಡು ಎದ್ದರು. "ಇನ್ನು ಮುಟ್ಟಿದರೂ ಆಯಿತು, ಬಿಟ್ಟರೂ ಆಯಿತು. ಆದರೂ ಇಷ್ಟು ದೂರ ಬಂದಿದ್ದೇನೆ" ಎನ್ನುತ್ತ, ಮಗಳು ತೋರಿಸಿದ ಹಾಗೆ ಬಂಡೆಗೆ ಒತ್ತಿಕೊಂಡು ಮಲಗಿ ಭುಜವನ್ನು ಇಳಿಸಿದರು. ಒಂದು ನಿಮಿಷ ಹಾಗೆಯೇ ಇದ್ದರು. "ತಣ್ಣಗಿದೆ" ಎಂದರು. ಒದ್ದೆ ಕೈಯನ್ನು ಯಾರಿಗೂ ತೋರಿಸದೆ ಕಣ್ಣಿಗೆ ಒತ್ತಿಕೊಂಡರು. ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ನೀನು ಪುಣ್ಯವಂತೆ ಕಣಮ್ಮ" ಎಂದಳು. ಅತ್ತೆ ತಿರುಗಿ, "ಪುಣ್ಯ ಎಲ್ಲಿ ಬಂತು ತಾಯಿ? ಬೆಳಗಿನಿಂದ ಉಪವಾಸ; ಹೊಟ್ಟೆ ಬೆನ್ನಿಗೆ ಹತ್ತಿದೆ" ಎಂದರು. ನೀರು ಸಿಕ್ಕದ ಆ ಎಳೆಯ ಸೊಸೆ ಇನ್ನೂ ಅಲ್ಲಿಯೇ ಮೂಲೆಯಲ್ಲಿ ನಿಂತಿದ್ದಳು. ಅತ್ತೆ ಆಕೆಯ ಕೈಹಿಡಿದು ಕರೆತಂದು, "ಸೆರಗು ಕಟ್ಟಿಕೊ. ಭುಜ ಇಳಿಸು, ಇನ್ನೂ ಇಳಿಸು" ಎಂದು ಹೇಳಿಕೊಟ್ಟರು. ಆಕೆಗೂ ನೀರು ಸಿಕ್ಕಿತು. ನಾವು ಶಿಖರದ ಬಸವನನ್ನು ನೋಡದೆಯೇ ಇಳಿದೆವು.

ಮನೆಗೆ ಬಂದ ಮರುದಿನ ಬೆಣ್ಣೆಯ ಪರೀಕ್ಷೆ ನಡೆಯಿತು. ರುಬ್ಬುವ ಗುಂಡುಕಲ್ಲನ್ನು ತೊಳೆದು, ೫೦ ಗ್ರಾಂ ತುಪ್ಪವನ್ನು ಸ್ವಲ್ಪ ಬೆಚ್ಚಗೆ ಮಾಡಿ ಅದರ ಮೇಲೆ ಹಾಕಿ ಉಜ್ಜಿದೆವು. ಮೊದಲ ಸಲ ತುಪ್ಪವೆಲ್ಲ ಜಾರಿ ನೆಲಕ್ಕೆ ಹೋಯಿತು; ಮನೆಯವಳಿಂದ ಬೈಗುಳವಾಯಿತು. ಎರಡನೆಯ ಸಲ ಕಲ್ಲನ್ನು ತಣ್ಣೀರಿನಿಂದ ಚೆನ್ನಾಗಿ ತಂಪು ಮಾಡಿ, ಆಗಾಗ ನೀರು ಚಿಮುಕಿಸುತ್ತ ಉಜ್ಜಿದೆವು. ತುಪ್ಪವು ಬಿಳಿದಾಯಿತು, ಗಟ್ಟಿಯಾಯಿತು, ಬೆಣ್ಣೆಯ ರೂಪಕ್ಕೆ ಬಂತು. ತೂಗಿದಾಗ ೫೦ ಗ್ರಾಮಿಗಿಂತ ಹೆಚ್ಚು ತೂಗಿತು, ಹೆಚ್ಚಿನದು ನೀರು. ಬೆಚ್ಚನೆಯ ತುಪ್ಪವು ತಣ್ಣನೆಯ ಕಲ್ಲಿಗೆ ಸೋಕಿ ಬೇಗನೆ ಹೆಪ್ಪುಗಟ್ಟುವಾಗ ಅದರಲ್ಲಿ ಅತಿ ಸಣ್ಣ ಹರಳುಗಳಾಗುತ್ತವೆ. ಉಜ್ಜುವಾಗ ನೀರಿನ ಹನಿಗಳೂ ಗಾಳಿಯೂ ಅವುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಬೆಳಕು ಇವುಗಳ ಮೇಲೆ ಬಿದ್ದು ಚೆದರುವುದರಿಂದ ಬಿಳಿಯಾಗಿ ಕಾಣುತ್ತದೆ. ಆದರೆ ಇದು ಬೆಣ್ಣೆಯೆ? ಬೆಣ್ಣೆಯನ್ನು ಕಾಯಿಸಿದರೆ ತಳದಲ್ಲಿ ಗಸಿ ಉಳಿಯುವುದು ಎಲ್ಲ ಗೃಹಿಣಿಯರಿಗೂ ಗೊತ್ತು. ಇದನ್ನು ಕಾಯಿಸಿದಾಗ ನೀರು ಚಟಚಟನೆ ಸಿಡಿದು ಹೋಯಿತು. ಉಳಿದುದು ತಿಳಿಯಾದ ತುಪ್ಪ ಮಾತ್ರ, ಗಸಿಯಿಲ್ಲ. ಮಜ್ಜಿಗೆಯಿಂದ ಬಂದ ಅಂಶವು ಒಂದು ಸಲ ಹೋದ ಮೇಲೆ ಉಜ್ಜಿದ ಮಾತ್ರಕ್ಕೆ ಮರಳಿ ಬಾರದು.

ನಾನು ಈ ಸಂಶೋಧನೆಯಿಂದ ಬೀಗುತ್ತಿರುವಾಗ ಅತ್ತೆ ಬಂದು ಇಣಿಕಿ ನೋಡಿ, "ಇದೇನು ದೊಡ್ಡ ವಿದ್ಯೆಯೋ? ನಿನ್ನ ಅಜ್ಜಿ ತಾಮ್ರದ ತಟ್ಟೆಯಲ್ಲಿ ತುಪ್ಪವನ್ನು ನೂರು ಸಲ ನೀರಿನಲ್ಲಿ ತೊಳೆದು ಹೀಗೆಯೇ ಬೆಳ್ಳಗೆ ಮಾಡುತ್ತಿದ್ದಳು, ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದಳು" ಎಂದರು. ಶತಧೌತ ಘೃತವೆಂದು ಆಯುರ್ವೇದದಲ್ಲಿ ಅದಕ್ಕೆ ಹೆಸರೂ ಇದೆ. ಬೆಟ್ಟ ಹತ್ತಿ, ಕಲ್ಲು ತೊಳೆದು, ತುಪ್ಪ ಚೆಲ್ಲಿ ನಾನು ಕಂಡುಹಿಡಿದುದು ನಮ್ಮ ಮನೆಯ ಅಟ್ಟದ ಮೇಲಿನ ತಾಮ್ರದ ತಟ್ಟೆಯಲ್ಲಿಯೇ ಇತ್ತು.

ತುಪ್ಪವು ಬೆಣ್ಣೆಯಾಗುವುದೆಂದು ನಂಬಿದವರಿಂದ ಯಾರ ನಿದ್ರೆಯೂ ಕೆಡುವುದಿಲ್ಲ. ಅ ನಂಬಿಕೆಯ ಸಂಗಡ ನಾನು ಜಗಳ ಆಡಲಾರೆ, ಪ್ರಸಾದವನ್ನು ಸಂತೋಷದಿಂದ ತಿಂದಿದ್ದೇನೆ. ಆದರೆ ಒಬ್ಬರ ದುಃಖಕ್ಕೆ ಅವರ ಪಾಪವೇ ಕಾರಣವೆಂದು ಯಾವುದಾದರೂ ಕಲ್ಲೋ, ನೀರೋ, ಗ್ರಹವೋ ಸಾಕ್ಷಿ ಹೇಳಿತೆಂದರೆ, ಆ ಸಾಕ್ಷಿಯನ್ನು ನಿಲ್ಲಿಸಿ ಎರಡು ಪ್ರಶ್ನೆ ಕೇಳುವುದು ಮನೆಯವರ ಧರ್ಮ. ಅತ್ತೆ ಈಗ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಹೊಟ್ಟೆಯನ್ನು ನೋಡಿ, "ಕರಗಿಸಬೇಡವೋ, ಇನ್ನು ಯಾರಿಗೆ ಉಪಯೋಗಕ್ಕೆ ಬರುತ್ತದೆಯೋ" ಎನ್ನುತ್ತಾರೆ.